ಟಿವಿಯಿಂದ ಮಹಡಿಗೆ ದಾರಿ ಯಾಕಿಲ್ಲ? ಮನೆ ರೂಟರಿನ ರೂಟಿಂಗ್ ಟೇಬಲ್ ಓದುವ ಬಗೆ

ಪ್ರಶ್ನೆ: ಕೆಳಗಿನ ಹಾಲ್‌ನಲ್ಲಿ ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಡಬ್ಬಿ ಇದೆ, ಅದರ ವಿಳಾಸ 192.168.1.1. ಮಹಡಿಗೆ ವೈಫೈ ಸಿಗದ ಕಾರಣ ಕೇಬಲ್ ಎಳೆದು ನಾವೇ ಕೊಂಡ ರೂಟರ್ ಹಾಕಿದ್ದೇವೆ. ಅದರ ಹಿಂದಿರುವ ಸಾಧನಗಳ ವಿಳಾಸ 192.168.50 ಎಂದು ಶುರುವಾಗುತ್ತದೆ. ಮಹಡಿಯ ಲ್ಯಾಪ್‌ಟಾಪಿನಿಂದ ಕೆಳಗಿನ ಪ್ರಿಂಟರಿಗೆ ಪ್ರಿಂಟ್ ಹೋಗುತ್ತದೆ. ಆದರೆ ಸಿನಿಮಾ, ಫೋಟೋ ತುಂಬಿಟ್ಟ ಮಹಡಿಯ ಸ್ಟೋರೇಜ್ ಡಬ್ಬಿ (192.168.50.10) ಕೆಳಗಿನ ಟಿವಿಗೆ ಸಿಗುವುದೇ ಇಲ್ಲ. ಫೈಬರ್ ಡಬ್ಬಿಯ ಮೆನುವಿನಲ್ಲಿ ‘ರೂಟಿಂಗ್ ಟೇಬಲ್’ ಎಂಬ ಪುಟ ನೋಡಿದೆ, ತಲೆಬುಡ ತಿಳಿಯಲಿಲ್ಲ. ಅದನ್ನು ಓದುವುದು ಹೇಗೆ? 10ರಿಂದ ಶುರುವಾಗುವ, ನಮ್ಮದಲ್ಲದ ವಿಳಾಸಗಳೂ ಅಲ್ಲಿವೆ. ಕಂಪನಿಯವರು ಕಣ್ಣಿಟ್ಟಿದ್ದಾರೆಯೇ?

ಉತ್ತರ: ನೀವು ಕಳಿಸಿದ ಟೇಬಲ್ಲಿಗೆ ಸಾಲಿನ ಸಂಖ್ಯೆ ಹಾಕಿ ಇಲ್ಲಿ ಕೊಟ್ಟಿದ್ದೇನೆ. ಎಡದಿಂದ ಗುರಿ, ಗೇಟ್‌ವೇ, ಮಾಸ್ಕ್, ಫ್ಲ್ಯಾಗ್, ಮೆಟ್ರಿಕ್, ಇಂಟರ್‌ಫೇಸ್.

1) 0.0.0.0 — 0.0.0.0 — 0.0.0.0 — ಯು — 0 — ಪಿಪಿಪಿ0
2) 100.64.0.1 — 0.0.0.0 — 255.255.255.255 — ಯುಎಚ್ — 0 — ಪಿಪಿಪಿ0
3) 10.20.16.0 — 0.0.0.0 — 255.255.240.0 — ಯು — 0 — ಇಥ್0.100
4) 10.8.4.10 — 10.20.16.1 — 255.255.255.255 — ಯುಜಿಎಚ್ — 0 — ಇಥ್0.100
5) 192.168.1.0 — 0.0.0.0 — 255.255.255.0 — ಯು — 0 — ಬಿಆರ್0
6) 239.0.0.0 — 0.0.0.0 — 255.0.0.0 — ಯು — 0 — ಬಿಆರ್0

ನಿಮ್ಮ ಟಿವಿಯ ತೊಂದರೆಗೆ ಕಾರಣ ಈ ಆರು ಸಾಲುಗಳಲ್ಲಿ ಯಾವುದೂ ಅಲ್ಲ, ಇಲ್ಲಿ ಇಲ್ಲದಿರುವ ಏಳನೇ ಸಾಲು. ಅದನ್ನು ಕಾಣಬೇಕಾದರೆ ಇರುವ ಆರನ್ನು ಮೊದಲು ಓದಬೇಕು.

ರೂಟಿಂಗ್ ಟೇಬಲ್ ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ವಿಳಾಸಕ್ಕೆ ಹೊರಟ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಯಾವ ಬಾಗಿಲಿನಿಂದ, ಯಾರ ಕೈಗೆ ಕೊಡಲಿ? ಬಾಗಿಲು ಎಂದರೆ ಇಂಟರ್‌ಫೇಸ್, ಕೈ ಎಂದರೆ ಗೇಟ್‌ವೇ. ಪೂರ್ತಿ ದಾರಿ ಯಾವ ರೂಟರಿಗೂ ಗೊತ್ತಿಲ್ಲ, ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು. ಪ್ಯಾಕೆಟ್ ಎಲ್ಲಿಂದ ಬಂತು ಎಂದು ಅದು ನೋಡುವುದಿಲ್ಲ. ಅದಕ್ಕೆ ಉತ್ತರ ಹಿಂದಿರುಗಿ ಬರುತ್ತದೆಯೇ ಎಂಬುದೂ ಅದರ ತಲೆನೋವಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾಸ್ಕ್ ಎಂಬ ಜರಡಿ

ಗುರಿ ಮತ್ತು ಮಾಸ್ಕ್ ಎರಡನ್ನೂ ಜೊತೆಯಾಗಿಯೇ ಓದಬೇಕು. ಬಿಡಿಯಾಗಿ ಓದಿದರೆ ಅರ್ಥವಾಗುವುದಿಲ್ಲ. ಮಾಸ್ಕ್‌ನಲ್ಲಿ 255 ಇರುವ ಕಡೆ ಸಂಖ್ಯೆ ಸರಿಯಾಗಿ ಹೊಂದಲೇಬೇಕು, 0 ಇರುವ ಕಡೆ ಏನಿದ್ದರೂ ನಡೆಯುತ್ತದೆ. ಐದನೇ ಸಾಲಿನ 192.168.1.0 ಮತ್ತು 255.255.255.0 ಸೇರಿದರೆ ‘192.168.1 ಎಂದು ಶುರುವಾಗುವ ಎಲ್ಲ 256 ವಿಳಾಸಗಳು’ ಎಂದಾಗುತ್ತದೆ. ಇದನ್ನೇ ಚಿಕ್ಕದಾಗಿ 192.168.1.0/24 ಎಂದು ಬರೆಯುತ್ತಾರೆ, ಮೊದಲ 24 ಬಿಟ್ (ಒಂದೊಂದು ಸಂಖ್ಯೆಗೆ ಎಂಟು ಬಿಟ್) ಹೊಂದಬೇಕು ಎಂಬ ಅರ್ಥದಲ್ಲಿ. ಎಲ್ಲ ಕಡೆಯೂ 255 ಇದ್ದರೆ /32, ಅಂದರೆ ಒಂದೇ ಒಂದು ವಿಳಾಸ. ಎಲ್ಲ ಸೊನ್ನೆಯಾದರೆ /0, ಅಂದರೆ ಜಗತ್ತಿನ ಯಾವ ವಿಳಾಸವಾದರೂ ಸರಿ.

ಮೂರನೇ ಸಾಲಿನ 240 ಎಲ್ಲರನ್ನೂ ತಬ್ಬಿಬ್ಬುಗೊಳಿಸುತ್ತದೆ. ಆ ಜಾಗದ ಸಂಖ್ಯೆಯನ್ನು ಹದಿನಾರರ ಕಟ್ಟುಗಳಲ್ಲಿ ಎಣಿಸು, ಉಳಿದ ಚಿಲ್ಲರೆ ಬಿಡು ಎಂದು ಅದರ ಅರ್ಥ. 10.20.21.7 ಎಂಬ ವಿಳಾಸ ತೆಗೆದುಕೊಳ್ಳಿ. 21ರಲ್ಲಿ ಹದಿನಾರರ ಪೂರ್ತಿ ಕಟ್ಟು ಒಂದೇ, ಚಿಲ್ಲರೆ ಐದು ಬಿಟ್ಟರೆ ಉಳಿಯುವುದು 16. ಸಾಲಿನಲ್ಲೂ 10.20.16.0 ಎಂದೇ ಇದೆ, ಹೊಂದಿತು. 10.20.33.7 ಆದರೆ ಎರಡು ಕಟ್ಟು, 32. ಹೊಂದಲಿಲ್ಲ. ಹೀಗಾಗಿ ಆ ಸಾಲು 10.20.16.0ಯಿಂದ 10.20.31.255ರವರೆಗಿನ 4096 ವಿಳಾಸಗಳದ್ದು. 240 ಬದಲು 248 ಕಂಡರೆ ಕಟ್ಟು ಎಂಟರದ್ದು, 252 ಕಂಡರೆ ನಾಲ್ಕರದ್ದು; 256ರಿಂದ ಕಳೆದರೆ ಕಟ್ಟಿನ ಗಾತ್ರ ಸಿಗುತ್ತದೆ.

ಒಂದೇ ವಿಳಾಸ ಎರಡು ಮೂರು ಸಾಲುಗಳಿಗೆ ಹೊಂದಿದರೆ? ಅತಿ ಕಿರಿದಾದ ಸಾಲು ಗೆಲ್ಲುತ್ತದೆ, ಅಂದರೆ ಹೆಚ್ಚು ಬಿಟ್ ಹೊಂದಿದ್ದು. ಸಾಲುಗಳು ಮೇಲಿವೆಯೋ ಕೆಳಗಿವೆಯೋ ಮುಖ್ಯವಲ್ಲ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕೂ ಹೊಂದುವ 0.0.0.0 ಮೇಲೇ ಕೂತಿದ್ದರೂ ಅದರ ಸರದಿ ಬರುವುದು ಕೊನೆಗೆ. ಅಂಚೆ ವಿಂಗಡಣೆಯೂ ಹೆಚ್ಚುಕಡಿಮೆ ಹೀಗೇ. ಸಾಗರದ 577401ಕ್ಕೆ ಬರೆದ ಕಾಗದಕ್ಕೆ ದೆಹಲಿಯಲ್ಲಿ ಮೊದಲ ಒಂದೆರಡು ಅಂಕಿ ನೋಡಿದರೆ ಸಾಕು, ಶಿವಮೊಗ್ಗ ದಾಟಿದ ಮೇಲೆ ಆರೂ ಅಂಕಿ ಬೇಕು.

ಮೆಟ್ರಿಕ್ (ದಾರಿಯ ಆದ್ಯತೆ ಹೇಳುವ ಅಂಕಿ) ಬಗ್ಗೆ ಇರುವ ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಿಬಿಡೋಣ. ಮೆಟ್ರಿಕ್ ಕಡಿಮೆ ಇರುವ ಸಾಲು ಗೆಲ್ಲುತ್ತದೆ ಎನ್ನುವುದು ನಿಜ, ಆದರೆ ಗುರಿ ಮತ್ತು ಮಾಸ್ಕ್ ಎರಡೂ ಒಂದೇ ಆಗಿರುವ ಸಾಲುಗಳ ನಡುವೆ ಮಾತ್ರ. ಫೈಬರ್ ಬಿದ್ದಾಗ 4ಜಿ ಡಾಂಗಲ್ಲಿಗೆ ಹೊರಳುವ ರೂಟರುಗಳಲ್ಲಿ ಎರಡು 0.0.0.0 ಸಾಲುಗಳಿರುತ್ತವೆ, ಅಲ್ಲಿ ಮೆಟ್ರಿಕ್ ಕೆಲಸಕ್ಕೆ ಬರುತ್ತದೆ. /24ರ ಸಾಲಿಗೆ 500 ಮೆಟ್ರಿಕ್ ಇದ್ದು /16ರ ಸಾಲಿಗೆ 1 ಇದ್ದರೂ ಗೆಲ್ಲುವುದು /24.

ಈ ನಿಯಮದ ಚಂದದ ಬಳಕೆ ಆಫೀಸಿನ ವಿಪಿಎನ್ (ಆಫೀಸಿನ ಜಾಲಕ್ಕೆ ಇಂಟರ್ನೆಟ್ ಮೂಲಕ ಕೊರೆದ ಖಾಸಗಿ ಸುರಂಗ) ಹಾಕಿದ ಲ್ಯಾಪ್‌ಟಾಪಿನಲ್ಲಿ ಕಾಣಸಿಗುತ್ತದೆ. ಕಂಪ್ಯೂಟರಿಗೂ ತನ್ನದೇ ರೂಟಿಂಗ್ ಟೇಬಲ್ ಇದೆ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ರೂಟ್ ಪ್ರಿಂಟ್’ (route print), ಲಿನಕ್ಸ್ ಆದರೆ ‘ಐಪಿ ರೂಟ್’ (ip route) ಆಜ್ಞೆ ಅದನ್ನು ತೋರಿಸುತ್ತದೆ. ಓಪನ್‌ವಿಪಿಎನ್‌ನಂಥ ತಂತ್ರಾಂಶ ಎಲ್ಲ ಸಂಚಾರವನ್ನೂ ತನ್ನ ಕಡೆ ತಿರುಗಿಸಬೇಕಾದಾಗ ಮೂಲ 0.0.0.0/0 ಸಾಲನ್ನು ಮುಟ್ಟದೆ 0.0.0.0/1 ಮತ್ತು 128.0.0.0/1 ಎಂಬ ಎರಡು ಸಾಲು ಸೇರಿಸಬಲ್ಲದು. ಎರಡೂ ಸೇರಿ ಇಡೀ ವಿಳಾಸಲೋಕ. ಒಂದೇ ಒಂದು ಬಿಟ್ ಹೆಚ್ಚು ಕಿರಿದು, ಹಾಗಾಗಿ ಅವೇ ಗೆಲ್ಲುತ್ತವೆ. ವಿಪಿಎನ್ ಮುಚ್ಚಿದಾಗ ಆ ಎರಡನ್ನು ತೆಗೆದರೆ ಮೂಲ ಸಾಲು ಇದ್ದಲ್ಲೇ ಇರುತ್ತದೆ. ಜೊತೆಗೆ ವಿಪಿಎನ್ ಸರ್ವರಿನ ವಿಳಾಸಕ್ಕೊಂದು /32 ಸಾಲು ಮನೆಯ ಗೇಟ್‌ವೇ ಕಡೆಗೆ ಇರಲೇಬೇಕು. ಇಲ್ಲದಿದ್ದರೆ ಸುರಂಗದ ಪ್ಯಾಕೆಟ್ ಸುರಂಗದೊಳಗೇ ನುಗ್ಗಲು ಹೋಗಿ ಸಂಪರ್ಕ ಕಡಿಯುತ್ತದೆ.

ನಿಮ್ಮ ಆರು ಸಾಲುಗಳು

ಫ್ಲ್ಯಾಗ್ ಅಕ್ಷರಗಳು ಮೂರೇ ಸಾಕು. ಯು ಎಂದರೆ ಸಾಲು ಚಾಲ್ತಿಯಲ್ಲಿದೆ. ಜಿ ಎಂದರೆ ನಡುವೆ ಗೇಟ್‌ವೇ ಇದೆ, ಪ್ಯಾಕೆಟ್ಟನ್ನು ಅದರ ಕೈಗೆ ಕೊಡು. ಎಚ್ ಎಂದರೆ ಇದು ಒಂದೇ ಯಂತ್ರದ ಸಾಲು, ಮಾಸ್ಕ್ /32. ಗೇಟ್‌ವೇ ಜಾಗದಲ್ಲಿ 0.0.0.0 ಅಥವಾ ನಕ್ಷತ್ರ ಚಿಹ್ನೆ ಇದ್ದು ಜಿ ಇಲ್ಲದಿದ್ದರೆ ಮಧ್ಯವರ್ತಿ ಇಲ್ಲ ಎಂದರ್ಥ. ಗುರಿ ಅದೇ ತಂತಿಯಲ್ಲಿದೆ, ರೂಟರ್ ಎಆರ್‌ಪಿ ಮೂಲಕ ‘192.168.1.30 ಯಾರು?’ ಎಂದು ಕೂಗಿ ಕೇಳಿ ನೇರ ಕೊಡುತ್ತದೆ. ಗುರಿಯ ಜಾಗದ 0.0.0.0 ‘ಎಲ್ಲವೂ’, ಗೇಟ್‌ವೇ ಜಾಗದ 0.0.0.0 ‘ಯಾರೂ ಇಲ್ಲ’. ಒಂದೇ ಅಂಕಿಗೆ ಎರಡು ಅರ್ಥ ಕೊಟ್ಟವರಿಗೆ ಓದುಗರ ಮೇಲೆ ಕರುಣೆ ಇರಲಿಲ್ಲ.

ಒಂದನೇ ಸಾಲು ಡೀಫಾಲ್ಟ್ ರೂಟ್: ಬೇರೆಲ್ಲೂ ಹೊಂದದ್ದು ಪಿಪಿಪಿ0 ಮೂಲಕ ಕಂಪನಿಗೆ. ಪಿಪಿಪಿ0 ಎನ್ನುವುದು ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ತೆರೆಯುವ ಪಿಪಿಪಿಒಇ ಕೊಳವೆ. ಅದಕ್ಕೆ ಎರಡೇ ತುದಿ. ಒಳಗೆ ಹಾಕಿದ್ದು ಆ ತುದಿಯಲ್ಲೇ ಬೀಳಬೇಕು, ಆದ್ದರಿಂದ ಗೇಟ್‌ವೇ ಹೆಸರಿಸುವ ಅಗತ್ಯವಿಲ್ಲ. ಎರಡನೇ ಸಾಲಿನ 100.64.0.1 ಆ ಇನ್ನೊಂದು ತುದಿ. ಕೊಳವೆ ತೆರೆದಾಗ ತಾನೇ ಹುಟ್ಟುವ ಸಾಲು, ಕೊಳವೆ ಬಿದ್ದರೆ ಎರಡೂ ಮಾಯ. ‘ವೈಫೈ ಇದೆ, ಇಂಟರ್ನೆಟ್ ಇಲ್ಲ’ ಎಂಬ ದಿನ ಈ ಪುಟ ತೆರೆದು ಒಂದನೇ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಲಾಗಿನ್ ಅಥವಾ ಫೈಬರ್ ತೊಂದರೆ. ಇದ್ದೂ ಪುಟಗಳು ತೆರೆಯದಿದ್ದರೆ ಮೊದಲ ಅನುಮಾನ ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೆ. ಕೆಲವು ಪುಟ ತೆರೆದು ಕೆಲವು ಅರ್ಧಕ್ಕೆ ನಿಂತರೆ ಪಿಪಿಪಿಒಇ ಕೊಳವೆಯ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಆಗಿದೆಯೇ ಪರಿಶೀಲಿಸಿ. 1500 ಎಂದಿದ್ದರೆ ಅದೇ ಕಾರಣವಿರಬಹುದು, ಅದು ಟೇಬಲ್ಲಿನಲ್ಲಿ ಕಾಣುವ ರೋಗವಲ್ಲ.

100.64 ಕಂಡರೆ ಇನ್ನೊಂದು ಸುಳಿವು ಹಿಡಿಯಿರಿ. 100.64.0.0/10 ಎಂಬ ಪಟ್ಟಿಯನ್ನು 2012ರಲ್ಲಿ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ನಿಯಮ ದಾಖಲೆಯ ಮೂಲಕ ಮೀಸಲಿಟ್ಟಿದ್ದೇ ಕಂಪನಿಗಳು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲು. ಆ ತುದಿಯ ವಿಳಾಸ ಒಂದರಿಂದಲೇ ತೀರ್ಮಾನಕ್ಕೆ ಬರಬೇಡಿ, ಸ್ಟೇಟಸ್ ಪುಟದಲ್ಲಿ ನಿಮ್ಮ ಡಬ್ಬಿಯ ವ್ಯಾನ್ (ಹೊರಗಿನ ಕಡೆಯ) ವಿಳಾಸ ನೋಡಿ. ಅದೂ 100.64ರಿಂದ 100.127ರ ನಡುವೆ ಇದ್ದರೆ ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಮನೆಯೊಳಗಿನ ಸಾಧನಕ್ಕೆ ದಾಟಿಸುವುದು) ಮಾಡಿದರೂ ಪ್ರಯೋಜನವಿಲ್ಲ. ಬಾಗಿಲು ನಿಮ್ಮ ಕೈಯಲ್ಲಿಲ್ಲ, ಸಾರ್ವಜನಿಕ ವಿಳಾಸ ಬೇಕೆಂದು ಕಂಪನಿಯನ್ನೇ ಕೇಳಬೇಕು.

ಮೂರು ಮತ್ತು ನಾಲ್ಕನೇ ಸಾಲು ನಿಮಗೆ ಅನುಮಾನ ಹುಟ್ಟಿಸಿದವು. ಇಥ್0.100 ಎಂದರೆ ಅದೇ ಫೈಬರಿನ ಮೇಲೆ 100 ಎಂಬ ವಿಲ್ಯಾನ್ ಸಂಖ್ಯೆ ಹಾಕಿ ಬೇರ್ಪಡಿಸಿದ ಇನ್ನೊಂದು ಹಾದಿ. ಒಂದೇ ರಸ್ತೆಯ ಮೇಲೆ ಗೆರೆ ಎಳೆದ ಬಸ್ ಲೇನ್ ಇದ್ದ ಹಾಗೆ. ನಾಲ್ಕನೇ ಸಾಲಿನಲ್ಲಿ ಒಂದೇ ಯಂತ್ರಕ್ಕೆ, 10.20.16.1ರ ಕೈ ಮೂಲಕ, ಕಟ್ಟುನಿಟ್ಟಾದ ದಾರಿ ಇದೆ. ಈ ಜೋಡಿ ಬಹುತೇಕ ಕಂಪನಿಯ ನಿರ್ವಹಣಾ ಸರ್ವರಿನದ್ದು. 2004ರಲ್ಲಿ ಬಂದ ಟಿಆರ್-069 ಎಂಬ ಪದ್ಧತಿಯಲ್ಲಿ ಡಬ್ಬಿ ಆ ಸರ್ವರಿಗೆ ಆಗಾಗ ವರದಿ ಒಪ್ಪಿಸುತ್ತದೆ. ಸರ್ವರ್ ಅದರ ಫರ್ಮ್‌ವೇರ್ (ಒಳಗಿನ ತಂತ್ರಾಂಶ), ವೈಫೈ ಹೆಸರು, ಲಾಗಿನ್ ವಿವರ ಬದಲಿಸಬಲ್ಲದು. ಮನೆಯೊಳಗೆ ಯಾವ ಸಾಧನಗಳು ಜೋಡಣೆಯಾಗಿವೆ ಎಂಬ ಪಟ್ಟಿಯನ್ನೂ ಕೇಳಬಲ್ಲದು. ಇದನ್ನು ‘ಕಣ್ಣಿಡುವುದು’ ಎನ್ನುತ್ತೀರೋ ಸೇವೆ ಎನ್ನುತ್ತೀರೋ ನಿಮಗೆ ಬಿಟ್ಟದ್ದು. ಆದರೆ ನೀವು ಯಾವ ತಾಣ ನೋಡಿದಿರಿ ಎಂಬುದು ಈ ದಾರಿಯಲ್ಲಿ ಹೋಗುವುದಿಲ್ಲ, ಆ ಸಂಚಾರ ಹೇಗೂ ಒಂದನೇ ಸಾಲಿನಲ್ಲಿ ಕಂಪನಿಯ ಕೈ ದಾಟಿಯೇ ಹೋಗುತ್ತಿದೆ. ಅಳಿಸಲು ಹೋಗಬೇಡಿ. ಅಳಿದರೂ ಮರುಚಾಲನೆಯಲ್ಲಿ ಮತ್ತೆ ಹುಟ್ಟುತ್ತವೆ.

ಐದನೇ ಸಾಲು ನಿಮ್ಮ ಮನೆ. ಬಿಆರ್0 ಎಂದರೆ ಬ್ರಿಜ್: ಡಬ್ಬಿಯ ಹಿಂದಿನ ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟುಗಳನ್ನೂ ವೈಫೈಯನ್ನೂ ಒಂದೇ ತಂತಿಯೆಂಬಂತೆ ಹೊಲಿದಿರುವುದು. ಆರನೇ ಸಾಲು ಮಲ್ಟಿಕಾಸ್ಟ್‌ಗೆ. ಯಾವುದೇ ಒಂದು ಯಂತ್ರಕ್ಕಲ್ಲದೆ ಗುಂಪಿಗೆ ಕೂಗುವ ವಿಳಾಸಗಳು 224ರಿಂದ 239ರವರೆಗೆ ಇರುತ್ತವೆ. ಮನೆಯ ಟಿವಿ, ಸ್ಪೀಕರುಗಳು ಒಂದನ್ನೊಂದು ಹುಡುಕುವುದು 239.255.255.250ರಲ್ಲಿ, 1900ನೇ ಪೋರ್ಟಿನಲ್ಲಿ. ಡಬ್ಬಿ ತಾನೇ ಕೂಗುವ ಕೂಗು ಡೀಫಾಲ್ಟ್ ಹಿಡಿದು ಬೀದಿಗೆ ಹೋಗದೆ ಮನೆಯೊಳಗೇ ಕೇಳಲಿ ಎಂದು ಈ ಸಾಲು. ಸದ್ಯಕ್ಕೆ ಇಷ್ಟು ಸಾಕು, ನಿಮ್ಮ ಟಿವಿಯ ಕಥೆಯಲ್ಲಿ ಇದಕ್ಕೆ ಇನ್ನೊಂದು ಪಾತ್ರವಿದೆ.

ಪ್ಯಾಕೆಟ್ ಎಲ್ಲಿ ಹೋಗುತ್ತಿದೆ

ಮೊದಲು ಕೆಲಸ ಮಾಡುತ್ತಿರುವ ದಿಕ್ಕು. ಮಹಡಿಯ ಲ್ಯಾಪ್‌ಟಾಪ್ 192.168.50.20, ಪ್ರಿಂಟರ್ 192.168.1.20 ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ತನ್ನ ಗೇಟ್‌ವೇ ಆದ ಮಹಡಿ ರೂಟರಿಗೆ ಕೊಡುತ್ತದೆ. ಆ ರೂಟರಿನ ವ್ಯಾನ್ ಪೋರ್ಟಿಗೆ ಕೆಳಗಿನ ಜಾಲದ ವಿಳಾಸವೇ ಸಿಕ್ಕಿದೆ, 192.168.1.2 ಎನ್ನೋಣ. ಹಾಗಾಗಿ ಅದರ ಟೇಬಲ್ಲಿನಲ್ಲಿ 192.168.1.0/24 ನೇರ ದಾರಿಯಾಗಿ ಇದೆ. ಹೊರಡುವಾಗ ನ್ಯಾಟ್ ಮಾಡಿ ಕಳಿಸಿದವರ ವಿಳಾಸವನ್ನು 192.168.1.2 ಎಂದು ತಿದ್ದುತ್ತದೆ. ಪ್ರಿಂಟರಿಗೆ ಇದು ಪಕ್ಕದ ಮನೆಯವರ ಕಾಗದದಂತೆ ಕಾಣುತ್ತದೆ, ಉತ್ತರವನ್ನು ನೇರ ಅಲ್ಲಿಗೇ ಕೊಡುತ್ತದೆ. ಫೈಬರ್ ಡಬ್ಬಿ ಇಲ್ಲಿ ಬರೀ ಸ್ವಿಚ್ (ತಂತಿಗಳನ್ನು ಬೆಸೆಯುವ ಡಬ್ಬಿ), ಅದರ ರೂಟಿಂಗ್ ಟೇಬಲ್ಲಿನ ಮಾತೇ ಬರಲಿಲ್ಲ.

ಈಗ ಟಿವಿ, 192.168.1.30. ಅದಕ್ಕೆ 192.168.50.10 ಬೇಕು. ಅದು ತನ್ನ /24ರ ಹೊರಗಿರುವುದರಿಂದ ಪ್ಯಾಕೆಟ್ಟನ್ನು ಗೇಟ್‌ವೇಗೆ, ಅಂದರೆ ಫೈಬರ್ ಡಬ್ಬಿಗೆ ಕೊಡುತ್ತದೆ. ಡಬ್ಬಿ ಟೇಬಲ್ ನೋಡುತ್ತದೆ. ಐದನೇ ಸಾಲಿನ ಮಾಸ್ಕ್ ಹಾಕಿದರೆ 192.168.50.0, ಬೇಕಾದ್ದು 192.168.1.0, ಹೊಂದಲಿಲ್ಲ. ಎರಡು, ಮೂರು, ನಾಲ್ಕು, ಆರು ಹತ್ತಿರವೂ ಬರಲಿಲ್ಲ. ಉಳಿದದ್ದು ಒಂದನೇ ಸಾಲು. ಪ್ಯಾಕೆಟ್ ಪಿಪಿಪಿ0 ಹಿಡಿದು ಕಂಪನಿಯತ್ತ ಹೊರಟಿತು. ಇಪ್ಪತ್ತು ಮೆಟ್ಟಿಲು ಹತ್ತಬೇಕಾದದ್ದು ಊರಾಚೆ ಹೋಗಿ ಸತ್ತಿತು. 192.168ರ ವಿಳಾಸಗಳು 1996ರ ಆರ್‌ಎಫ್‌ಸಿ 1918ರ ಪ್ರಕಾರ ಖಾಸಗಿ ಜಾಲಗಳವು, ಹೊರಗೆ ಅವಕ್ಕೆ ದಾರಿಯಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಕೆಳಗಿನ ವೈಫೈಗೆ ಲ್ಯಾಪ್‌ಟಾಪ್ ಜೋಡಿಸಿ ವಿಂಡೋಸ್‌ನಲ್ಲಿ ದಾರಿಯ ಹೆಜ್ಜೆಗಳನ್ನು ತೋರಿಸುವ ‘ಟ್ರೇಸರ್ಟ್’ (tracert) ಆಜ್ಞೆಗೆ 192.168.50.10 ಕೊಡಿ. ಮೊದಲ ಹೆಜ್ಜೆ 192.168.1.1 ಬಂದು, ಎರಡನೆಯದು ಕಂಪನಿ ಕಡೆಯ ವಿಳಾಸವಾಗಿ ಅಥವಾ ಬರೀ ನಕ್ಷತ್ರಗಳಾಗಿ ಕಂಡರೆ ನಾನು ಹೇಳಿದ್ದೇ ಆಗುತ್ತಿದೆ. ಎರಡನೇ ಹೆಜ್ಜೆ 192.168.1.2 ಆಗಬೇಕಿತ್ತು.

ಏಳನೇ ಸಾಲು

ಇಲ್ಲದ ಸಾಲು ಇದು: ಗುರಿ 192.168.50.0, ಮಾಸ್ಕ್ 255.255.255.0, ಗೇಟ್‌ವೇ 192.168.1.2, ಇಂಟರ್‌ಫೇಸ್ ಬಿಆರ್0. ಸೇರಿಸುವ ಮೊದಲು 192.168.1.2 ಮಹಡಿ ರೂಟರಿಗೇ ಕಾಯಂ ಆಗಬೇಕು. ಫೈಬರ್ ಡಬ್ಬಿಯ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಮಹಡಿ ರೂಟರಿನ ವ್ಯಾನ್ ಪೋರ್ಟಿನ ಮ್ಯಾಕ್ ವಿಳಾಸಕ್ಕೆ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿಗೆ) ಈ ವಿಳಾಸ ಕಾಯ್ದಿರಿಸಿ. ಅಥವಾ ಡಿಎಚ್‌ಸಿಪಿ ಹಂಚಿಕೆಯನ್ನು 192.168.1.10ರಿಂದ ಶುರುವಾಗುವಂತೆ ಮಾಡಿ, ಮಹಡಿ ರೂಟರಿನ ವ್ಯಾನ್‌ನಲ್ಲಿ ಕೈಯಾರೆ 192.168.1.2 ಬರೆಯಿರಿ. ಇದನ್ನು ಬಿಟ್ಟರೆ ಕರೆಂಟ್ ಹೋಗಿ ಬಂದ ಮೇಲೊಂದು ದಿನ ಅದೇ ವಿಳಾಸ ಯಾರದೋ ಫೋನಿಗೆ ಸಿಕ್ಕಿ ನಿಮ್ಮ ದಾರಿ ಆ ಫೋನಿನಲ್ಲಿ ಮುಗಿಯುತ್ತದೆ.

ಈ ಸಾಲು ಸೇರಿಸುವ ‘ಸ್ಟ್ಯಾಟಿಕ್ ರೂಟ್’ ಅರ್ಜಿ ತುಂಬುವಾಗ ಪದೇಪದೇ ಆಗುವ ತಪ್ಪುಗಳಿವೆ. ಗುರಿಯಲ್ಲಿ 192.168.50.10 ಎಂದು ಬರೆದು ಮಾಸ್ಕ್‌ನಲ್ಲಿ 255.255.255.0 ಕೊಟ್ಟರೆ ಡಬ್ಬಿ ತಿರಸ್ಕರಿಸುತ್ತದೆ. ಮಾಸ್ಕ್ ಸೊನ್ನೆ ಇರುವ ಕಡೆ ಗುರಿಯೂ ಸೊನ್ನೆ ಇರಬೇಕು. ಗೇಟ್‌ವೇ ಜಾಗದಲ್ಲಿ 192.168.50.1 ಬರೆಯುವುದು ಇನ್ನೂ ಸಾಮಾನ್ಯ. ‘ಆ ಜಾಲದ ಬಾಗಿಲು ಅದೇ ತಾನೆ’ ಎಂಬ ಯೋಚನೆ ಸಹಜ, ಆದರೆ ಅದು ಬಾಗಿಲಿನ ಒಳಮುಖ. ಫೈಬರ್ ಡಬ್ಬಿಗೆ ಎಟುಕುವುದು ಹೊರಮುಖ ಮಾತ್ರ. ಗೇಟ್‌ವೇ ಯಾವತ್ತೂ ಡಬ್ಬಿ ಆಗಲೇ ನೇರ ತಲುಪಬಲ್ಲ ಜಾಲದಲ್ಲಿರಬೇಕು. ಇಂಟರ್‌ಫೇಸ್ ಪಟ್ಟಿಯಲ್ಲಿ ವ್ಯಾನ್ ಮೊದಲೇ ಆಯ್ಕೆಯಾಗಿದ್ದರೆ ಲ್ಯಾನ್‌ಗೆ ಬದಲಿಸಿ.

‘ಸುಮ್ಮನೆ ದೊಡ್ಡದಾಗಿಯೇ ಇರಲಿ’ ಎಂದು 192.168.0.0ಗೆ 255.255.0.0 ಕೊಡಬೇಡಿ. ಆಗ 192.168.77.5 ಎಂಬ ಇಲ್ಲದ ವಿಳಾಸಕ್ಕೆ ಹೊರಟ ಪ್ಯಾಕೆಟ್ಟನ್ನು ಫೈಬರ್ ಡಬ್ಬಿ ಮಹಡಿ ರೂಟರಿಗೆ ಕೊಡುತ್ತದೆ. ಅದಕ್ಕೆ 77 ಗೊತ್ತಿಲ್ಲ, ತನ್ನ ಡೀಫಾಲ್ಟ್ ಹಿಡಿದು ಫೈಬರ್ ಡಬ್ಬಿಗೇ ವಾಪಸ್. ಪ್ರತಿ ಹೆಜ್ಜೆಗೂ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ಹೆಜ್ಜೆ ಬದುಕಬಹುದೆಂಬ ಎಣಿಕೆ) ಒಂದೊಂದು ಇಳಿಯುತ್ತ, ವಿಂಡೋಸ್ ಕೊಟ್ಟ 128 ಮುಗಿಯುವ ತನಕ ಚೆಂಡಾಟ. ಟ್ರೇಸರ್ಟ್‌ನಲ್ಲಿ 192.168.1.1, 192.168.1.2 ಸರದಿಯಾಗಿ ಕಂಡರೆ ಇದೇ.

ಸಾಲು ಸೇರಿಸಿದ ಮೇಲೂ ಯಾಕೆ ಆಗುವುದಿಲ್ಲ

ಸಾಲು ಸರಿಯಾಗಿ ಕೂತರೆ ಪ್ಯಾಕೆಟ್ ಮಹಡಿ ರೂಟರಿನ ವ್ಯಾನ್ ಪೋರ್ಟಿಗೆ ತಲುಪುತ್ತದೆ. ಅಲ್ಲಿ ಅದರ ಫೈರ್‌ವಾಲ್ ತಡೆಯುತ್ತದೆ. ವ್ಯಾನ್ ಕಡೆಯಿಂದ ತಾನಾಗಿ ಬಂದದ್ದೆಲ್ಲ ಅದರ ಲೆಕ್ಕದಲ್ಲಿ ಹೊರಗಿನವರ ಕಿತಾಪತಿ. ರೂಟಿಂಗ್ ಟೇಬಲ್ ‘ಹೋಗು’ ಎಂದರೂ ಫೈರ್‌ವಾಲ್ ‘ಬೇಡ’ ಎನ್ನಬಹುದು. ಟೇಬಲ್ ಎಷ್ಟು ದಿಟ್ಟಿಸಿದರೂ ಇದು ಕಾಣುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಂಥ ಫರ್ಮ್‌ವೇರ್ ಇದ್ದರೆ ವ್ಯಾನ್‌ನಿಂದ ಲ್ಯಾನ್‌ಗೆ, 192.168.1.0/24ರಿಂದ ಬಂದದ್ದಕ್ಕೆ ಮಾತ್ರ ಒಪ್ಪಿಗೆ ಎಂಬ ನಿಯಮ ಬರೆದರೆ ಸಾಕು. ಅಗ್ಗದ ರೂಟರುಗಳಲ್ಲಿ ಇಂಥ ನಿಯಮಕ್ಕೆ ಜಾಗವಿರುವುದಿಲ್ಲ; ನ್ಯಾಟ್ ಪೂರ್ತಿ ಆರಿಸುವ ಗುಂಡಿ ಇದ್ದರೆ ಅದೇ ಪುಣ್ಯ.

ಆ ಗುಂಡಿ ಒತ್ತಿದರೆ ಬೇರೆ ಪೆಟ್ಟು. ನ್ಯಾಟ್ ಇಲ್ಲದ ಮೇಲೆ ಮಹಡಿಯ ಲ್ಯಾಪ್‌ಟಾಪಿನ ಪ್ಯಾಕೆಟ್ ಫೈಬರ್ ಡಬ್ಬಿಗೆ ತನ್ನ ನಿಜವಾದ 192.168.50.20 ಹೆಸರಿನಲ್ಲೇ ಬರುತ್ತದೆ. ತನ್ನ ಲ್ಯಾನ್ ಆದ 192.168.1.0/24ಕ್ಕೆ ಮಾತ್ರ ನ್ಯಾಟ್ ಮಾಡುವಂತೆ ಬರೆದ ಡಬ್ಬಿಗಳು ಬಹಳ. ಅಂಥದ್ದರಲ್ಲಿ ಮಹಡಿಯಲ್ಲಿ ಇಂಟರ್ನೆಟ್ ಪೂರ್ತಿ ನಿಂತುಹೋಗುತ್ತದೆ, ಕೆಳಗೆ ಮಾತ್ರ ಇರುತ್ತದೆ. ಗುಂಡಿ ವಾಪಸ್ ಒತ್ತುವುದೊಂದೇ ದಾರಿ.

ಮೂರನೆಯದು ಸೂಕ್ಷ್ಮ. ಟಿವಿಯ ಪ್ಯಾಕೆಟ್ ಫೈಬರ್ ಡಬ್ಬಿ, ಮಹಡಿ ರೂಟರ್ ಎರಡನ್ನೂ ದಾಟಿ ಸ್ಟೋರೇಜಿಗೆ ಹೋಗುತ್ತದೆ. ಉತ್ತರ ಬರುವಾಗ ಮಹಡಿ ರೂಟರ್ ತನ್ನ ಟೇಬಲ್ ನೋಡಿ ‘192.168.1.30 ನನ್ನ ಪಕ್ಕದಲ್ಲೇ ಇದೆ’ ಎಂದು ಟಿವಿಗೆ ನೇರ ಕೊಡುತ್ತದೆ. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು. ಫೈಬರ್ ಡಬ್ಬಿಗೆ ಮಾತುಕತೆಯ ಒಂದು ಬದಿ ಮಾತ್ರ ಕೇಳಿಸುತ್ತದೆ. ಟಿಸಿಪಿ ಸಂಪರ್ಕದ ಮೊದಲ ನಮಸ್ಕಾರ ಕಂಡಿತು, ಪ್ರತಿನಮಸ್ಕಾರ ಕಾಣಲಿಲ್ಲ, ಅಷ್ಟರಲ್ಲಿ ಮೂರನೇ ಪ್ಯಾಕೆಟ್ ಬಂತು. ಲೆಕ್ಕ ತಪ್ಪಿದ ಪ್ಯಾಕೆಟ್ ಬಿಸಾಡುವ ಫೈರ್‌ವಾಲ್ ಅದನ್ನು ಬಿಸಾಡುತ್ತದೆ. ಪಿಂಗ್‌ಗೆ (‘ಇದ್ದೀಯಾ?’ ಎಂದಷ್ಟೇ ಕೇಳುವ ಆಜ್ಞೆಗೆ) ಇಂಥ ಮೂರು ಹೆಜ್ಜೆ ಇಲ್ಲದ ಕಾರಣ ಅದು ದಾಟುತ್ತದೆ. ‘ಪಿಂಗ್ ಬರುತ್ತೆ, ಫೋಲ್ಡರ್ ತೆರೆಯಲ್ಲ’ ಎಂಬ ವಿಚಿತ್ರದ ಮೂಲ ಹೆಚ್ಚಾಗಿ ಇಲ್ಲಿದೆ. ಏಳನೇ ಸಾಲನ್ನು ಫೈಬರ್ ಡಬ್ಬಿಯ ಬದಲು ಕೆಳಗಿನ ಸಾಧನಗಳಿಗೇ ಡಿಎಚ್‌ಸಿಪಿಯ 121ನೇ ಆಯ್ಕೆಯ ಮೂಲಕ ಹಂಚಿದರೆ ಇದು ಸರಿಹೋಗುತ್ತದೆ. ಆದರೆ ಕಂಪನಿ ಕೊಟ್ಟ ಡಬ್ಬಿಯಲ್ಲಿ ಆ ಆಯ್ಕೆ ಸಿಗುವುದು ಅಪರೂಪ, ಸಿಕ್ಕರೂ ಟಿವಿ ಅದನ್ನು ಪಾಲಿಸುತ್ತದೆ ಎಂಬ ಖಾತ್ರಿಯಿಲ್ಲ.

ಇಷ್ಟೆಲ್ಲ ಗೆದ್ದರೂ ಟಿವಿಯ ಪರದೆಯಲ್ಲಿ ಸ್ಟೋರೇಜ್ ಡಬ್ಬಿಯ ಹೆಸರು ಬರುವುದಿಲ್ಲ. ಆರನೇ ಸಾಲು ನೆನಪಿದೆಯಲ್ಲ. ಟಿವಿಯಲ್ಲಿ ವಿಳಾಸ ಬರೆಯಲು ಜಾಗವಿಲ್ಲದಿದ್ದರೆ ಅದು 239.255.255.250ಕ್ಕೆ ಕೂಗಿ ‘ಸಿನಿಮಾ ಇಟ್ಟುಕೊಂಡವರು ಯಾರಿದ್ದೀರಿ?’ ಎಂದು ಕೇಳುತ್ತದೆ. ಮಲ್ಟಿಕಾಸ್ಟ್ ರೂಟಿಂಗ್ ವ್ಯವಸ್ಥೆ ಮಾಡದ ರೂಟರ್ ಆ ಕೂಗನ್ನು ಆಚೆಗೆ ದಾಟಿಸುವುದಿಲ್ಲ. ಮಹಡಿಗೆ ಕೇಳಿಸಲಿಲ್ಲ, ಉತ್ತರ ಬರಲಿಲ್ಲ. ಏಳನೇ ಸಾಲು ಒಂದು ವಿಳಾಸಕ್ಕೆ ಹೋಗುವ ಪ್ಯಾಕೆಟ್ಟಿಗೆ ದಾರಿ, ಕೂಗಿಗಲ್ಲ.

ನಿಮ್ಮ ಮನೆಗೆ ನಾನು ಹೇಳುವುದು

ಮಹಡಿ ರೂಟರನ್ನು ರೂಟರಾಗಿ ಇಡಬೇಡಿ. ನಿಮಗೆ ಬೇಕಿದ್ದದ್ದು ವೈಫೈ, ಇನ್ನೊಂದು ಜಾಲವಲ್ಲ. ಮೆನುವಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆಯ್ಕೆ ಮಾಡಿದರೆ ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಬಹುದು, ಕ್ರಮ ಮಾತ್ರ ತಪ್ಪಬಾರದು. ಮೊದಲು ಅದರ ವ್ಯಾನ್ ಪೋರ್ಟಿನ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ತಂತಿಯಲ್ಲಿ ಜೋಡಿಸಿ. ಡಿಎಚ್‌ಸಿಪಿ ಸರ್ವರ್ ಬಂದ್ ಮಾಡಿ ಉಳಿಸಿ. ಆಮೇಲೆ ಲ್ಯಾನ್ ವಿಳಾಸವನ್ನು 192.168.50.1ರಿಂದ 192.168.1.2ಕ್ಕೆ ಬದಲಿಸಿ. ಆ ಕ್ಷಣ ಮೆನು ಕೈತಪ್ಪುತ್ತದೆ, ಗಾಬರಿ ಬೇಡ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ವ್ಯಾನ್ ಪೋರ್ಟ್ ಖಾಲಿ ಬಿಡಿ. ಡಿಎಚ್‌ಸಿಪಿ ಬಂದ್ ಮಾಡುವುದನ್ನು ಮರೆತು ಕೇಬಲ್ ಹಾಕಿದರೆ ಒಂದೇ ತಂತಿಯಲ್ಲಿ ಇಬ್ಬರು ವಿಳಾಸ ಹಂಚುತ್ತಾರೆ. ಅರ್ಧ ಫೋನುಗಳಿಗೆ ಇಂಟರ್ನೆಟ್ ಇರುತ್ತದೆ, ಅರ್ಧಕ್ಕೆ ಇರುವುದಿಲ್ಲ, ಯಾವ ಅರ್ಧ ಎಂಬುದು ಗಂಟೆಗಂಟೆಗೆ ಬದಲಾಗುತ್ತದೆ.

ಸ್ಟೋರೇಜ್ ಡಬ್ಬಿಯನ್ನು ಒಮ್ಮೆ ಆರಿಸಿ ಹಚ್ಚಿ, 192.168.1ರಲ್ಲಿ ಹೊಸ ವಿಳಾಸ ಪಡೆಯಲಿ. ಅದಕ್ಕೆ 192.168.50.10 ಎಂದು ಕೈಯಾರೆ ಬರೆದಿದ್ದರೆ ಆರಿಸುವ ಮೊದಲೇ ಅದನ್ನು ಡಿಎಚ್‌ಸಿಪಿಗೆ ಬದಲಿಸಬೇಕು, ಇಲ್ಲವಾದರೆ ಅದು ಯಾರಿಗೂ ಸಿಗದೆ ಕೂರುತ್ತದೆ.

ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದು ಅವರ ಸಾಧನಗಳು ನಿಮಗೆ, ನಿಮ್ಮವು ಅವರಿಗೆ ಕಾಣಬಾರದು ಎಂದಿದ್ದರೆ ಎರಡು ಜಾಲ ಬೇಕು. ಆಗಲೂ ಈಗಿನ ಜೋಡಣೆ ಅರ್ಧ ಗೋಡೆ ಮಾತ್ರ: ಕೆಳಗಿನಿಂದ ಮೇಲೆ ಕಾಣದಿದ್ದರೂ ಮೇಲಿನಿಂದ ಕೆಳಗೆ ಎಲ್ಲ ಕಾಣುತ್ತದೆ, ನಿಮ್ಮ ಪ್ರಿಂಟರ್ ಸಾಕ್ಷಿ. ಅಂಥ ಕಡೆ ಫೈಬರ್ ಡಬ್ಬಿಯ ಗೆಸ್ಟ್ ಜಾಲ ಮೇಲು.

ಆಫೀಸಿನ ವಿಪಿಎನ್ ಬಳಸುವವರು ಮನೆಯಲ್ಲಿದ್ದರೆ ಇದೇ ಸಂದರ್ಭದಲ್ಲಿ ಫೈಬರ್ ಡಬ್ಬಿಯ ಲ್ಯಾನ್ ಜಾಲವನ್ನೇ 192.168.1 ಬಿಟ್ಟು 192.168.73ರಂಥ ಅಪರೂಪದ ಸಂಖ್ಯೆಗೆ ಬದಲಿಸುವುದು ಒಳ್ಳೆಯದು. ಆಫೀಸಿನಲ್ಲೂ 192.168.1.0/24 ಇದ್ದರೆ ಲ್ಯಾಪ್‌ಟಾಪಿನ ಟೇಬಲ್ಲಿನಲ್ಲಿ ಒಂದೇ ಗುರಿ, ಒಂದೇ ಮಾಸ್ಕಿನ ಎರಡು ಸಾಲು ಬರುತ್ತವೆ. ಮೆಟ್ರಿಕ್ ಯಾರ ಪರವೋ ಅವರು ಉಳಿದರು: ಒಂದೋ ಮನೆ ಪ್ರಿಂಟರ್ ಮಾಯ, ಇಲ್ಲವೇ ಆಫೀಸ್ ಸರ್ವರ್ ಮಾಯ. ಜಾಲ ಬದಲಿಸಿದರೆ ಮೇಲೆ ಹೇಳಿದ 192.168.1.2ನ್ನೂ 192.168.73.2 ಮಾಡಿಕೊಳ್ಳಿ.

ಇನ್ನೊಂದು ಮಾತು, ಈ ಪುಟದಲ್ಲಿ ಕಾಣುವುದು ಐಪಿವಿ4, ಅಂದರೆ ಇಲ್ಲಿಯವರೆಗೆ ನೋಡಿದ ನಾಲ್ಕು ಸಂಖ್ಯೆಯ ವಿಳಾಸಗಳು, ಮಾತ್ರ. ಹೊಸ ಬಗೆಯ ಉದ್ದ ವಿಳಾಸಗಳ ಐಪಿವಿ6 ಇದ್ದರೆ ಅದರ ಟೇಬಲ್ ಬೇರೆಯೇ, ಡೀಫಾಲ್ಟ್ ಸಾಲು ‘::/0’ ಎಂದು ಕಾಣುತ್ತದೆ, ಗೇಟ್‌ವೇ ‘ಎಫ್‌ಇ80’ ಎಂದು ಶುರುವಾಗುತ್ತದೆ. ಒಂದನೇ ಸಾಲು ಮಾಯವಾದ ದಿನವೂ ಕೆಲವು ತಾಣಗಳು ಮಾತ್ರ ಚೆನ್ನಾಗಿ ತೆರೆದರೆ ಅವು ಆ ಟೇಬಲ್ಲಿನಿಂದ ಬರುತ್ತಿರುತ್ತವೆ.

ಎಲ್ಲ ಮುಗಿದ ಮೇಲೆ ಟೇಬಲ್ ಪುಟವನ್ನು ಮತ್ತೆ ತೆರೆಯಿರಿ. ಏಳನೇ ಸಾಲು ಸೇರಿಸಿದ್ದರೆ ಅಳಿಸಿಬಿಡಿ, 192.168.50 ಎಂಬ ಜಾಲವೇ ಈಗ ಇಲ್ಲ. ಉಳಿಯುವುದು ಹಳೆಯ ಆರೇ ಸಾಲು. ಮಹಡಿಯ ಸ್ಟೋರೇಜ್ ಈಗ ಐದನೇ ಸಾಲಿನೊಳಗಿದೆ, ಟಿವಿಯ ಕೂಗು ಅದಕ್ಕೆ ನೇರ ಕೇಳಿಸುತ್ತದೆ.